ನೂರಕ್ಕೆ ಹತ್ತು ಕುಂಟ

ಕಚೇರಿಗಳ ಎದುರು ಕೂತು ಅರ್ಜಿ ಬರೆದು ಹೊಟ್ಟೆ ಹೊರೆಯುವವನಿಗೆ ಎರಡೇ ಶತ್ರುಗಳು. ಒಂದು ಗಾಳಿ, ಇನ್ನೊಂದು ಅರ್ಜಿದಾರನ ಅಭಿಮಾನ. ಗಾಳಿ ಬಂದರೆ ಕಾಗದದ ಮೇಲೆ ಕಲ್ಲಿಡಬಹುದು. ಅಭಿಮಾನದ ಮೇಲೆ ಏನಿಡಬೇಕೆಂದು ಪುಣೆಯ ಲಷ್ಕರದಲ್ಲಿ, ಅಂದರೆ ಗೋರಾ ಸಾಹೇಬರ ದಂಡು ಇದ್ದ ಭಾಗದಲ್ಲಿ, ಅಷ್ಟು ವರ್ಷ ಕೂತರೂ ನನಗೆ ತಿಳಿಯಲಿಲ್ಲ. ಈಗ ಮತ್ತೊಂದು ಲಡಾಯಿ ನಡೆದಿದೆ. ಅದೇ ರಸ್ತೆಯಲ್ಲಿ ಮತ್ತೆ ಊರುಗೋಲಿನ ಸದ್ದು ಕೇಳತೊಡಗಿದೆ. ಆ ಸದ್ದು ಕೇಳಿದಾಗಲೆಲ್ಲ ಹಿಂದಿನ ಲಡಾಯಿ ಮುಗಿದ ಮೇಲೆ ನಾನು ನಡೆಸಿದ ಒಂದು ಅಪೀಲು ನೆನಪಾಗಿ ಮನಸ್ಸು ಕಹಿಯಾಗುತ್ತದೆ.

ಆ ದಿನ ಒಬ್ಬ ಗಿರಾಕಿ ನನ್ನ ತಲೆ ಚಿಟ್ಟು ಹಿಡಿಸಿದ್ದ. ಅವನಿಗೆ ಮರಾಠಿಯಲ್ಲಿ ಬುದ್ಧಿ ಹೇಳುತ್ತಿರುವಾಗ ನಡುವೆ ಧಾರವಾಡದ ಬೈಗುಳವೊಂದು ಬಾಯಿ ತಪ್ಪಿ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಗಕ್ಕನೆ ನಿಂತಳು. ಹಿಂದೆ ಕೋಲೂರುತ್ತ ಬರುತ್ತಿದ್ದ ಗಂಡನ ಕಡೆ ತಿರುಗಿ, "ಇಲ್ಲಿ ಬರ್ರಿ, ಇವ್ರು ನಮ್ಮ ಕಡ್ಯಾವ್ರ ಅದಾರ," ಅಂದಳು. ಬೈಗುಳದಿಂದ ಗಿರಾಕಿ ಸಿಕ್ಕಿದ್ದು ನನ್ನ ಕಸುಬಿನಲ್ಲಿ ಅದೊಂದೇ ಸಲ.

ಗಂಡ ಬೆಳಗಾವಿ ಕಡೆಯವರು, ದಂಡಿನಲ್ಲಿ ಹವಾಲ್ದಾರರಾಗಿದ್ದವರು. ಎತ್ತರದ ಆಳು, ಹುರಿ ಮಾಡಿದ ಮೀಸೆ. ಕೂಡ್ರಿ ಎಂದರೆ ಕೂಡಲಿಲ್ಲ. ಹೆಂಡತಿಯೇ ಎಲ್ಲ ಹೇಳಿದಳು. ಬಸ್ರಾದ ಕಡೆ ಲಡಾಯಿಯಲ್ಲಿ ಮದ್ದುಗುಂಡಿನ ಪೆಟ್ಟಿಗೆ ಹೇರಿದ್ದ ಹೇಸರಗತ್ತೆಯ ಗಾಡಿ ಕಾಲುವೆಗೆ ಮಗುಚಿ, ಇವರ ಎಡಗಾಲು ಅದರ ಕೆಳಗೆ ಸಿಕ್ಕಿತ್ತು. ಮೊಣಕಾಲು ಹೋಯಿತು. ಗಾಯ ಲಡಾಯಿಯದೇ ಎಂದು ಸರಕಾರ ಒಪ್ಪಿತ್ತು. ಆ ಬಗ್ಗೆ ತಕರಾರಿರಲಿಲ್ಲ. ತಂಟೆ ಇದ್ದದ್ದು ಕಾಲು ಎಷ್ಟು ಕೆಟ್ಟಿದೆ ಎನ್ನುವುದರಲ್ಲಿ. ಇದನ್ನು ನಿಶ್ಚಯಿಸುವುದು ವೈದ್ಯರ ಮಂಡಳಿ. ಅದು ಸಿಪಾಯಿಯ ಮೈಯನ್ನು ನೂರು ಪಾಲು ಎಂದು ಹಿಡಿದು, ಅದರಲ್ಲಿ ಎಷ್ಟು ಪಾಲು ಹೋಯಿತೆಂದು ಬರೆಯುತ್ತದೆ. ಇಪ್ಪತ್ತಕ್ಕಿಂತ ಕಡಿಮೆ ಬಂದರೆ ಜೀವಮಾನದ ಪೆನ್ಶನ್ ಇಲ್ಲ, ಕೈಗೆ ಒಂದಿಷ್ಟು ಹಾಕಿ ರಾಮ ರಾಮ. ಇವರಿಗೆ ಹತ್ತು ಬಂದಿತ್ತು.

"ನಮ್ಮ ಮನ್ಯಾಗಿನವ್ರ ಕಾಲ ನೋಡಿಲ್ರಿ ಅವ್ರು," ಅಂದಳು ಆಕೆ. "ಮೀಸಿ ನೋಡ್ಯಾರ, ಹತ್ತ ಅಂತ ಬರದಾರ."

ಹವಾಲ್ದಾರರು ಮೊದಲ ಸಲ ಬಾಯಿ ತೆರೆದರು. "ನಾ ಹತ್ತನೇ ಪಾಲ ಕುಂಟ ಅಂತ್ರಿ ರಾಯರ. ಹಂಗಾರ ಉಳದ ಒಂಬತ್ತ ಪಾಲ ಕಾಲ ಎಲ್ಲಿ ಐತಿ, ಅವ್ರ ತೋರಸ್ಲಿ."

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಅವರು ಊರಾಚೆ ಕೊಂಢವಾದಲ್ಲಿ ಒಂದು ಪೇರಲ ತೋಟದ ಕಾವಲಿಗಿದ್ದರು. ಓಡಲಾರದ ಕಾವಲುಗಾರನನ್ನು ಕಳ್ಳರೇ ಮಾತಾಡಿಸಿ ಹೋಗುತ್ತಿದ್ದರು. ಹಣ್ಣಿನ ಕಾಲ ಮುಗಿದ ಮೇಲೆ ಬೇರೆ ಆಳು ನೋಡಿಕೊಳ್ಳುತ್ತೇನೆಂದು ತೋಟದ ಧಣಿ ಹೇಳಿಬಿಟ್ಟಿದ್ದ. ಆಮೇಲೆ ಉಳಿದ ದಾರಿ ಒಂದೇ: ಆಕೆಯ ತವರು. "ತಮ್ಮನ ಹೇಣ್ತಿ ಬಡಸೂ ತನಕ ಗಂಗಾಳ ಮುಂದ ಇಟಗೊಂಡ ಕುಂಡ್ರೂದು ನನ್ನ ಕೈಲೆ ಆಗೂದಿಲ್ರಿ," ಅಂದಳು. "ಇವ್ರ ಕೈಲೆ ಅಂತೂ ಮೊದಲ ಆಗೂದಿಲ್ಲ. ಇವ್ರು ಉಪಾಸ ಸಾಯ್ತಾರ." ಗಂಡ ರಸ್ತೆಯ ಆಚೆ ಕಡೆ ನೋಡುತ್ತ ನಿಂತಿದ್ದರು.

ಕೆಲಸ ಹಿಡಿದೆ. ಮೊದಲ ಹೆಜ್ಜೆ ಮಂಡಳಿಯ ಅಭಿಪ್ರಾಯದ ನಕಲು ತರಿಸುವುದು. ನಕಲು ನೋಡದೆ ಅಪೀಲು ಬರೆಯುವುದೆಂದರೆ ಎದುರಾಳಿ ಎಲ್ಲಿದ್ದಾನೆಂದು ನೋಡದೆ ಕುಸ್ತಿಗೆ ಇಳಿದ ಹಾಗೆ. ಅದಕ್ಕೊಂದು ಅರ್ಜಿ, ಆ ಅರ್ಜಿಗೊಂದು ನೆನಪಿನ ಅರ್ಜಿ, ಕಚೇರಿಯ ಕಾರಕೂನನಿಗೆ ಎಲೆ ಅಡಿಕೆ. ಅಪೀಲಿನ ಗಡುವು ಹತ್ತಿರ ಬರುತ್ತಿತ್ತು, ನಕಲು ಬರಲೊಲ್ಲದು. ಕೊನೆಗೆ ಬಂತು. ಅದರಲ್ಲಿ ಎರಡು ಸಾಲು ಓದಿ ನನಗೆ ತಲೆಬುಡ ತಿಳಿಯಲಿಲ್ಲ. ಆಧಾರವಿಲ್ಲದೆ ಚೆನ್ನಾಗಿ ನಡೆಯುತ್ತಾನೆ ಎಂದು ಒಂದು. ತನ್ನ ಆರೋಗ್ಯ ಚೆನ್ನಾಗಿದೆ ಎಂದು ತಾನೇ ಹೇಳುತ್ತಾನೆ ಎಂದು ಇನ್ನೊಂದು.

"ಹವಾಲ್ದಾರ್ರ, ಸಾಹೇಬ್ರು ನಿಮ್ಮನ್ನ ಏನು ಕೇಳಿದ್ರು?"

"ಹೆಂಗಿದ್ದೀ ಅಂತ ಕೇಳಿದ್ರಿ, ಹಿಂದೂಸ್ತಾನ್ಯಾಗ."

"ನೀವು ಏನಂದ್ರಿ?"

"ಏನ ಅಂತಾರ್ರಿ? ಆರಾಮ ಅದೀನಿ, ನಿಮ್ಮ ದಯಾ ಅಂದ್ನಿ."

"ಕೋಲು ಎಲ್ಲಿತ್ತು?"

"ಬಾಗಲ ಹೊರಗ, ಚಪ್ಲಿ ಜೋಡಿ." ನನ್ನ ಪ್ರಶ್ನೆಯೇ ಅವರಿಗೆ ವಿಚಿತ್ರವೆನಿಸಿತು. "ದೊಡ್ಡವ್ರ ಮುಂದ ಕೋಲ ಊರ್ಕೊಂಡ ನಿಲ್ಲೂದ ಛಲೋ ಕಾಣ್ತೈತೇನ್ರಿ?"

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಯಾರನ್ನು ಬೈಯಲಿ? ನಮ್ಮವರಲ್ಲಿ ಹಾಸಿಗೆ ಹಿಡಿದವನನ್ನು ಕೇಳಿದರೂ ಮೊದಲು "ಆರಾಮ" ಅನ್ನುತ್ತಾನೆ, ಆಮೇಲೆ ಒಂದೊಂದಾಗಿ ನೋವಿನ ಗಂಟು ಬಿಚ್ಚುತ್ತಾನೆ. ಕೇಳಿದವನಿಗೂ ಅದು ಗೊತ್ತು, ಅವನು ಕಾಯುತ್ತಾನೆ. ಆ ಸಾಹೇಬ ಮೊದಲ ಮಾತಿಗೇ ಲೇಖಣಿ ಎತ್ತಿದ್ದ. ಬಾಗಿಲಿನಿಂದ ಮೇಜಿನವರೆಗೆ ಹವಾಲ್ದಾರರು ಹಲ್ಲು ಕಚ್ಚಿ, ಎದೆ ಸೆಟೆಸಿ, ಕವಾಯಿತಿನ ನಡಿಗೆ ನಡೆದಿದ್ದರು. ಅದನ್ನೂ ಆತ ಕಂಡದ್ದು ಕಂಡಂತೆ ಬರೆದಿದ್ದ.

ಇನ್ನು ಬಾಯಿಮಾತಿನಿಂದ ಕೆಲಸವಾಗದು, ಮೈಯೇ ಸಾಕ್ಷಿ ಹೇಳಬೇಕು ಎಂದು ಅವರನ್ನು ಪೇಟೆಯ ಒಬ್ಬ ಮರಾಠಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಮುಂಗೋಪಿ ಮನುಷ್ಯ, ಆದರೆ ಕೈ ಶುದ್ಧ. ಮೊಣಕಾಲ ಚಿಪ್ಪಿನಿಂದ ಒಂದು ಗೇಣು ಮೇಲೆ ಎರಡೂ ತೊಡೆಗಳಿಗೆ ಮಸಿಯಿಂದ ಗುರುತು ಹಾಕಿ ಪಟ್ಟಿಯಿಂದ ಸುತ್ತಳತೆ ತೆಗೆದರು. ಎಡತೊಡೆ ಬಲಕ್ಕಿಂತ ಕಣ್ಣಿಗೇ ಕಾಣುವಷ್ಟು ಸೊರಗಿತ್ತು. "ಹೇ ಬಘಾ, ಇದನ್ನು ನೋಡಿ," ಅಂದರು ನನಗೆ, "ಬಾಯಿ ಬೇಕಾದ್ದು ಹೇಳಲಿ. ಭಾರ ಹೊರದ ತೊಡೆ ಹೀಗೇ ಕರಗುತ್ತದೆ." ಆಮೇಲೆ ಹವಾಲ್ದಾರರನ್ನು ಮಂಚದ ಮೇಲೆ ಮಲಗಿಸಿ, ಕಾಲು ಮಡಿಸಿ, ಪಾದದ ಮೇಲೆ ತಾವು ಕೂತು, ಮೀನಖಂಡವನ್ನು ಎರಡೂ ಕೈಯಿಂದ ಮುಂದಕ್ಕೆ ಎಳೆದರು. ಮೇಜಿನ ಖಾನೆ ಎಳೆದ ಹಾಗೆ ಕಾಲೆಲುಬು ಜಾರಿ ಮುಂದೆ ಬಂತು. ಹವಾಲ್ದಾರರು ಜಂತಿ ನೋಡುತ್ತ ಮಲಗಿದ್ದರು, ಹಣೆ ತುಂಬ ಬೆವರು.

ತೊಡೆಯೆಲುಬನ್ನೂ ಕಾಲೆಲುಬನ್ನೂ ಹಿಡಿದಿಡುವ ಒಳಗಿನ ಹುರಿ ಹರಿದು ಹೋಗಿದೆ ಎಂದರು ಡಾಕ್ಟರು. ಬಲಗಾಲು ಮುಂದಿಟ್ಟು ಮೆಟ್ಟಿಲು ಏರಬಹುದು, ಸಪಾಟು ನೆಲದಲ್ಲಿ ಹೇಗೋ ನಡೆಯಬಹುದು. ಇಳಿಯುವಾಗ ಮಾತ್ರ ಎಡಗಾಲಿನ ಮೇಲೆ ಭಾರ ಬಿದ್ದ ಕ್ಷಣ ಕೀಲು ಜಾರುತ್ತದೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿಕೊಟ್ಟರು.

ಅಪೀಲು ಬರೆದೆ. ಹಾವು ಸಾಯಬೇಕು, ಕೋಲು ಮುರಿಯಬಾರದು, ಹಾಗಿರಬೇಕು ಅಪೀಲಿನ ಭಾಷೆ. ಮಂಡಳಿ ತಪ್ಪು ಮಾಡಿತು ಎಂದು ಬರೆದರೆ ಅದೇ ಮಂಡಳಿಯ ಅಣ್ಣತಮ್ಮಂದಿರು ಓದುತ್ತಾರೆ. ಆದ್ದರಿಂದ, ಅರ್ಜಿದಾರನು ಹಿರಿಯರ ಮೇಲಿನ ಗೌರವದಿಂದ ತನ್ನ ಊರುಗೋಲನ್ನು ಹೊರಗೆ ಬಿಟ್ಟು ಹೋದ ಕಾರಣ ಸನ್ಮಾನ್ಯ ಮಂಡಳಿಗೆ ಪೂರ್ಣ ಸ್ಥಿತಿ ಕಾಣುವ ಅವಕಾಶ ಸಿಗಲಿಲ್ಲ ಎಂದು ಬರೆದೆ. ತೊಡೆಯ ಅಳತೆ, ಡಾಕ್ಟರರ ಅಭಿಪ್ರಾಯ ಜೋಡಿಸಿದೆ. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು. ಗಡುವಿನೊಳಗೆ ಕಾಗದ ಒಳಗೆ ಹೋಯಿತು. ಗೆದ್ದೆವು ಅಂದುಕೊಂಡೆ.

ಕೆಲವು ವಾರಗಳ ಮೇಲೆ ಪೆನ್ಶನ್ ಕಚೇರಿಯಿಂದ ಉತ್ತರ ಬಂತು. ಅರ್ಜಿದಾರನ ಸ್ಥಿತಿಗತಿ ತಿಳಿಯಲು ಅವರು ಕೊಂಢವಾಕ್ಕೆ ಒಬ್ಬ ಪೊಲೀಸನನ್ನು ಕಳಿಸಿದ್ದರು. ಅರ್ಜಿದಾರನು ಇತ್ತೀಚೆಗೆ ಜೇಜುರಿಯ ಗುಡ್ಡ ಹತ್ತಿ ದೇವರ ದರ್ಶನ ಮಾಡಿ ಬಂದಿದ್ದಾನೆಂದು ನೆರೆಯವರು ಹೇಳಿದ್ದಾರೆ, ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದ್ದರು.

ಸುದ್ದಿ ಹೇಳಿದವನು ವೈರಿಯಲ್ಲ, ಪಕ್ಕದ ಮನೆಯ ಮುದುಕ. ಪೊಲೀಸ ಬಂದು ಹವಾಲ್ದಾರ ಎಂಥ ಮನುಷ್ಯ ಎಂದು ಕೇಳಿದ್ದಾನೆ. ಒಳ್ಳೆಯ ಮಾತಾಡಿದರೆ ಒಳ್ಳೆಯದಾದೀತೆಂದು ಮುದುಕ ಕೈಯೆತ್ತಿ ಹೊಗಳಿದ್ದಾನೆ: ದೇವಮನುಷ್ಯ, ಇಂಥ ಕಾಲಿಟ್ಟುಕೊಂಡೂ ಜೇಜುರಿ ಹತ್ತಿ ಬಂದ, ಖಂಡೋಬಾನ ಕೃಪೆ ನೋಡಿರಿ ಎಂದು! ನಮ್ಮಲ್ಲಿ ಪೊಲೀಸನ ಮುಂದೆ ನೆರೆಯವನ ಭಕ್ತಿ ಹೇಳದೆ ಇನ್ನೇನು ಹೇಳುತ್ತಾರೆ?

ಗಂಡ ಹೆಂಡತಿಯನ್ನು ಕರೆಸಿದೆ. ನನ್ನ ಮೈ ಉರಿಯುತ್ತಿತ್ತು. "ಇದು ಖರೆ ಏನು?"

"ಖರೇರಿ," ಅಂದರು ಹವಾಲ್ದಾರರು. "ಗಾಡಿ ಬುಡಕ ಬಿದ್ದಾಗ ಬೇಡ್ಕೊಂಡಿದ್ನಿ. ಜೀವ ಉಳದ್ರ ನಿನ್ನ ಗುಡ್ಡ ಹತ್ತತೀನಿ ಮೈಲಾರಲಿಂಗ ಅಂತ." ನಮ್ಮ ಕಡೆಯ ಮೈಲಾರಲಿಂಗನೇ ಈ ಕಡೆಯವರ ಖಂಡೋಬಾ.

"ನನಗೊಂದು ಮಾತು ಹೇಳಬಾರದಾಗಿತ್ತೇನು?"

"ಹರಕಿ ತೀರ್ಸಾಕ ವಕಾಲತ್ತ ಬೇಕೇನ್ರಿ?"

ಈ ಮಾತಿಗೆ ನನ್ನ ಸಿಟ್ಟು ನೆತ್ತಿಗೇರಿತು. ಆದರೂ ಕೆಲಸ ಉಳಿಸಬೇಕಲ್ಲ. ಡೋಲಿಯಲ್ಲಿ ಹೊತ್ತುಕೊಂಡು ಹೋದರು ಎಂದು ಬರೆಯುತ್ತೇನೆ, ಮುದುಕನಿಗೆ ಗೊತ್ತಿಲ್ಲ ಅಂದರಾಯಿತು, ಎಂದೆ. ಜೇಜುರಿಯಲ್ಲಿ ಡೋಲಿ ಹೊರುವವರು ಇದ್ದೇ ಇರುತ್ತಾರೆ, ಯಾರು ಹೋಗಿ ಕೇಳುತ್ತಾರೆ? ಹೆಂಡತಿ ಗಂಡನ ಮುಖ ನೋಡಿದಳು. ಹೂಂ ಅನ್ನಲಿ ಎಂಬ ಆಸೆ ಆಕೆಯ ಮುಖದಲ್ಲಿ ಕಾಣುತ್ತಿತ್ತು.

"ಅಂವನ ಭಂಡಾರದ ಅರಿಷಿಣ ಹಣಿಗಿ ಹಚ್ಕೊಂಡ ಬಂದೀನಿ," ಅಂದರು ಅವರು. "ಡೋಲಿ ಅಂತ ಬರದ್ರ ನಾ ಸಹಿ ಮಾಡಂಗಿಲ್ಲ. ಕಾಲ ಹೋದದ್ದೂ ಖರೆ, ಹತ್ತಿದ್ದೂ ಖರೆ. ಎರಡೂ ಬರೀರಿ."

"ಎರಡೂ ಬರೆದ್ರ ಪೆನ್ಶನ್ನು ಸುಳ್ಳಾಗ್ತದ!" ನಾನು ಕಾಗದ ಎಸೆದೆ. "ಹತ್ತಿದ್ರಿ, ಭಾಳ ಛಲೋ ಆತು. ಇಳಿದದ್ದು ಹೆಂಗ? ಹಾರಿದ್ರೇನು?"

ಅಣಕಿಸಲಿಕ್ಕೆ ಕೇಳಿದ್ದು. ಅವರು ಅಣಕ ಎಂದು ತಿಳಿಯಲಿಲ್ಲ, ಅಥವಾ ತಿಳಿದೂ ಬಿಟ್ಟರು. "ಕುಂತ ಇಳದ್ನಿ," ಅಂದರು.

"ಅಂದ್ರ?"

"ಕುಂಡಿ ಊರ್ಕೊಂತ, ಒಂದೊಂದ ಪಾವಟಿಗಿ. ಕೂಸು ಇಳದಂಗ. ನಿಂತ್ರ ಕಾಲ ಜಾರತೈತಿ."

"ಅಷ್ಟೂ ಮೆಟ್ಟಲಾ? ಅಷ್ಟು ಮಂದಿ ಮುಂದ?"

"ದೇವರ ಗುಡ್ಡದಾಗ ಯಾತರ ನಾಚಿಕಿರಿ? ಅಂವನ ಮುಂದ ನಾವೆಲ್ಲಾ ಕೂಸುಗೋಳ."

ಡಾಕ್ಟರರ ಮಾತು ಆಗ ನನಗೆ ನೆನಪಾಯಿತು: ಏರಬಹುದು, ಇಳಿಯಲಾಗದು. ಜೇಜುರಿ ನಮಗೆ ಉರುಳಾಗುವ ಬದಲು ಆಧಾರವಾಗಬಹುದಿತ್ತು. ಅಲ್ಲಿಯವರೆಗೆ ನನ್ನ ಪದ್ಧತಿ ಬೇರೆ ಇತ್ತು. ಒಪ್ಪಿಕೊಳ್ಳಬೇಡ, ಮುಚ್ಚುವುದನ್ನು ಮುಚ್ಚು, ಉಳಿದದ್ದನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಬರೆ. ಇದು ಅರ್ಜಿ ಬರೆಯುವವರೆಲ್ಲರ ಪದ್ಧತಿ. ಈ ಒಂದು ಅರ್ಜಿಯಲ್ಲಿ ಎಲ್ಲವನ್ನೂ ಬಿಚ್ಚಿಡೋಣ ಎಂದು ನಿಶ್ಚಯಿಸಿದೆ. ಧೈರ್ಯದಿಂದಲ್ಲ. ಅವರು ಬೇರೆಯದಕ್ಕೆ ಸಹಿ ಮಾಡುತ್ತಿರಲಿಲ್ಲ, ಅಷ್ಟೇ.

ಸಾಕ್ಷಿ ಬೇಕಿತ್ತು. ಬೆಳಗಿನ ರೈಲಿನಲ್ಲಿ ಹವಾಲ್ದಾರರ ಜೊತೆ ಜೇಜುರಿಗೆ ಹೋದೆ. ಅವರನ್ನು ಕೆಳಗೆ ಕೂಡಿಸಿ ನಾನು ಮೆಟ್ಟಿಲ ಪಕ್ಕದ ಅಂಗಡಿಗಳಲ್ಲಿ ಕೇಳುತ್ತ ಹೊರಟೆ. ಕಾಲಿಟ್ಟಲ್ಲೆಲ್ಲ ಅರಿಸಿನ, ನನ್ನ ಬಿಳಿ ಧೋತರದ ಅಂಚು ಹಳದಿಯಾಯಿತು. ಇಬ್ಬರು ಅಂಗಡಿಯವರು, ದಿನಾ ಸಾವಿರ ಮಂದಿ ಬರುತ್ತಾರೆ, ಯಾರು ನೆನಪಿಡಬೇಕು ಎಂದು ಮುಖ ತಿರುಗಿಸಿದರು. ಭಂಡಾರ ಮಾರುವ ಒಬ್ಬ ಮುದುಕಿ ಮಾತ್ರ ಕೇಳಿದ ಕೂಡಲೇ, ಮೀಸೆಯ ಸಿಪಾಯಿ ತಾನೇ, ಅಂದಳು. ಕೂತು ಇಳಿಯುತ್ತಿದ್ದವನನ್ನು ನೋಡಿ ಹರಕೆಯೇ ಹಾಗಿರಬೇಕೆಂದು ತಿಳಿದು ಆಕೆ ಅವರ ಕಾಲಿಗೆ ಬಿದ್ದಿದ್ದಳಂತೆ. ಅವರು ಸಂಕೋಚದಿಂದ, ಇದು ಹರಕೆಯಲ್ಲ ತಾಯಿ, ಕಾಲು ಬರುವುದಿಲ್ಲ, ಎಂದು ಹೇಳಿದ್ದರಂತೆ. ಆಕೆ ಹೇಳಿದ್ದನ್ನು ಅಲ್ಲೇ ಬರೆದು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಮಸಿಗಿಂತ ಅರಿಸಿನವೇ ಹೆಚ್ಚಾಗಿ ಮೂಡಿತು.

ಎಲ್ಲವನ್ನೂ ಬರೆದು ಕಳಿಸಿದೆ. ಹೊಸ ಮಂಡಳಿಯ ಮುಂದೆ ಹಾಜರಾಗಬೇಕೆಂದು ಕರೆ ಬಂತು. ಪೇರಲ ಕಾಲ ಆಗಲೇ ಮುಗಿಯುತ್ತ ಬಂದಿತ್ತು. ಧಣಿ ಹೊಸ ಆಳನ್ನು ಕರೆತಂದು ತೋಟ ತೋರಿಸಿ ಹೋಗಿದ್ದ.

ಮಂಡಳಿಗೆ ಮೊದಲು ತಾಲೀಮು ಮಾಡಿಸಲು ಕೊಂಢವಾಕ್ಕೆ ಹೋದೆ. ಅವರ ಗುಡಿಸಲ ಮುಂದೆ ಕಲ್ಲಿನ ಮೇಲೆ ನಾನೇ ಸಾಹೇಬನಾಗಿ ಕೂತೆ.

"ಹೆಂಗಿದ್ದೀ?"

"ಆರಾಮ ಅದೀನ್ರಿ."

"ಅಯ್ಯ, ಹವಾಲ್ದಾರ್ರ! ಕಾಲು ನೋಯ್ತದ ಅನ್ರಿ. ಮತ್ತೊಮ್ಮೆ. ಹೆಂಗಿದ್ದೀ?"

"ಆರಾ..." ಎಂದು ಬಾಯಿ ಕಚ್ಚಿಕೊಂಡರು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಲಗ್ನ ಆದಾಗಿಂದ ನನ್ನ ಮುಂದನೂ ಒಮ್ಮಿ ನೋಯ್ತೈತಿ ಅಂದಿಲ್ರಿ ರಾಯರ, ಸಾಯೇಬನ ಮುಂದ ಅಂದಾರೇನು?" ಅಂದಳು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಬಾಯಿಯಿಂದ ಏನೂ ಹೇಳುವುದು ಬೇಡ, ಕೈಯಿಂದ ಮೊಣಕಾಲು ತೋರಿಸಿದರೆ ಸಾಕು. ಕೋಲನ್ನು ಮಾತ್ರ ಸತ್ತರೂ ಬಿಡಬಾರದು.

ಆ ದಿನ ಆಸ್ಪತ್ರೆಯ ಅಂಗಳದಲ್ಲಿ ಸರದಿಗೆ ಕಾಯುವ ಸಿಪಾಯಿಗಳೇ ತುಂಬಿದ್ದರು. ಒಬ್ಬನಿಗೆ ಕೈಯಿಲ್ಲ, ಒಬ್ಬನಿಗೆ ಕಣ್ಣಿಲ್ಲ. ಬೀಡಿ ಸೇದುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ನಿಂತಿದ್ದರು. ಹವಾಲ್ದಾರರು ಹಳೆಯ ಕೋಟು ಹಾಕಿ ಪದಕಗಳನ್ನು ಸಿಕ್ಕಿಸಿಕೊಂಡಿದ್ದರು. ಮಂಡಳಿ ಪಡಸಾಲೆಯಲ್ಲೇ ಮೇಜು ಹಾಕಿ ಕೂತಿತ್ತು. ನಡುವೆ ಮೇಜರ್ ಸಾಹೇಬ, ಆತನೇ ಮುಖ್ಯಸ್ಥ, ಆತನೂ ಡಾಕ್ಟರ. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂಡಲು ಬಿಟ್ಟರು. ಕೇಳದೆ ಮಾತಾಡಕೂಡದು ಎಂದು ಮೊದಲೇ ಎಚ್ಚರಿಸಿದ್ದರು.

ಮೊದಮೊದಲು ಎಲ್ಲ ಸರಿ ಹೋಯಿತು. ಕೋಲು ಕೈಯಲ್ಲೇ ಇತ್ತು. ಹೇಗಿದ್ದೀ ಎಂದು ಕೇಳಿದಾಗ ಹವಾಲ್ದಾರರು ಬಾಯಿ ಬಿಗಿದು ಮೊಣಕಾಲು ತೋರಿಸಿದರು. ಮೇಜರ್ ತೊಡೆ ಅಳೆದ, ಕಾಲು ಮಡಿಸಿ ಬಿಡಿಸಿದ, ನಮ್ಮ ಡಾಕ್ಟರರ ಕಾಗದ ಓದಿದ. ಮುದುಕಿಯ ಹೆಬ್ಬೆಟ್ಟಿನ ಕಾಗದ ಹಿಡಿದು ಪಕ್ಕದವನಿಗೆ ಏನೋ ಹೇಳಿದ. ಇಬ್ಬರೂ ಮುಗುಳ್ನಕ್ಕರು.

ಪಡಸಾಲೆಯ ಪಕ್ಕದಿಂದ ಮಾಳಿಗೆಗೆ ಕಲ್ಲಿನ ಮೆಟ್ಟಿಲಿದ್ದವು. ಅಂಗಳಕ್ಕೆ ತೆರೆದೇ ಇದ್ದವು, ಹಿಡಿಯಲು ಕಟಾಂಜನವಿಲ್ಲ. ಮೇಜರ್ ಅದರತ್ತ ಬೆರಳು ತೋರಿಸಿ, ಕೋಲು ಇಲ್ಲೇ ಬಿಟ್ಟು ಹತ್ತು ಎಂದು ಹುಕುಮು ಮಾಡಿದ.

ಹುಕುಮು ಅಂದದ್ದೇ ತಡ, ಅಷ್ಟು ದಿನ ನಾನು ಕಲಿಸಿದ್ದೆಲ್ಲ ನೀರಿಗೆ ಹೋಯಿತು. ಹವಾಲ್ದಾರರು ಸೆಟೆದು ನಿಂತರು, ಬಲಗಾಲು ಮುಂದಿಟ್ಟು ಎಡಗಾಲು ಎಳೆದುಕೊಳ್ಳುತ್ತ, ಎದೆಯೆತ್ತಿ, ಸರಸರ ಹತ್ತಿಬಿಟ್ಟರು. ಮೇಲೆ ಹೋಗಿ ತಿರುಗಿ ನಿಂತರು. ಮೇಜರ್ ತಲೆಯಾಡಿಸಿ, ಮೇಜಿಗೆ ಹೋಗಿ ಲೇಖಣಿ ಅದ್ದಿದ.

ಆತ ಬರೆದರೆ ಮುಗಿಯಿತು. ಅದರ ಮೇಲೆ ಇನ್ನೊಂದು ಅಪೀಲಿಲ್ಲ. ಅಂಗಳದ ಅಂಚಿನಲ್ಲಿ ಹೆಂಡತಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಮೇಲೆ ನಿಂತ ಹವಾಲ್ದಾರರು ನನ್ನನ್ನೇ ನೋಡುತ್ತಿದ್ದರು. ನಾನು ಏನು ಕೇಳಲಿದ್ದೇನೆಂದು ಅವರಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ಬೇಡ ಎನ್ನುವಂತೆ ತಲೆಯನ್ನು ಸ್ವಲ್ಪ ಅಲ್ಲಾಡಿಸಿದರು. ನಾನು ಎದ್ದು ನಿಂತೆ.

"ಸರ್, ದಯವಿಟ್ಟು ಆತನಿಗೆ ಇಳಿಯಲು ಹೇಳಿರಿ," ಎಂದೆ ಇಂಗ್ಲಿಷಿನಲ್ಲಿ.

ಕೂತುಕೋ ಎಂದು ಒಬ್ಬ ಗದರಿದ. ಮೇಜರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಲೇಖಣಿ ಕೆಳಗಿಟ್ಟು, ಮೇಲೆ ನೋಡಿ, ಇಳಿದು ಬಾ, ಅಂದ.

ಹವಾಲ್ದಾರರು ಎಡಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟರು. ಭಾರ ಬಿದ್ದ ಕೂಡಲೇ ಮೊಣಕಾಲು ಪಕ್ಕಕ್ಕೆ ಜಾರಿತು. ಗೋಡೆಗೆ ಭುಜ ಕೊಟ್ಟು ಹೇಗೋ ತಡೆದು ಮತ್ತೆ ಮೇಲೆ ಹೋದರು. ಇನ್ನೊಮ್ಮೆ ಇಟ್ಟರು, ಮತ್ತೆ ಅದೇ. ಮೂರನೆಯ ಸಲ ಇಡಲಿಲ್ಲ. ಕವಾಯಿತಿನಲ್ಲಿ ನಿಂತ ಹಾಗೆ ಸೆಟೆದು ನಿಂತುಬಿಟ್ಟರು, ಮುಖ ಕಲ್ಲು. ಮೇಜರ್ ಇನ್ನೊಮ್ಮೆ ಹೇಳಿದ. ಅವರು ಕದಲಲಿಲ್ಲ. ಜೇಜುರಿಯಲ್ಲಿ ನಾಚದವರು ಇಲ್ಲಿ ಪ್ರಾಣ ಹೋದರೂ ಕೂಡುವುದಿಲ್ಲ, ನಿಂತೇ ಇಳಿಯಲು ಹೋಗಿ ಬೀಳುತ್ತಾರೆ ಎಂದು ನನಗೆ ಭಯವಾಯಿತು.

"ಕುಂಡ್ರ್ರೀ!"

ಕೂಗಿದ್ದು ಅವರ ಹೆಂಡತಿ. ಅಷ್ಟು ಗಂಡಸರ ನಡುವೆ, ಆ ಸಾಹೇಬರ ಮುಂದೆ. ಸೆರಗು ತಲೆಯಿಂದ ಜಾರಿದ್ದೂ ಆಕೆಗೆ ಗೊತ್ತಿರಲಿಲ್ಲ. "ನಿಮ್ಮ ಕಾಲ ಬೀಳ್ತೀನಿ, ಕುಂಡ್ರ್ರೀ! ನಾ ತವರಿಗಿ ಹೋಗಂಗಿಲ್ಲ!"

ಅವರು ಆಕೆಯನ್ನು ನೋಡಿದರು. ಆಮೇಲೆ ನಿಧಾನವಾಗಿ, ಗೋಡೆ ಹಿಡಿದು, ಕೂತರು. ಎರಡೂ ಅಂಗೈ ಕಲ್ಲಿಗೆ ಊರಿದರು. ಮೊದಲು ಬಲಗಾಲು ಕೆಳಗೆ, ಆಮೇಲೆ ಮೈ, ಕೊನೆಗೆ ಎಡಗಾಲನ್ನು ಕೈಯಿಂದ ಎತ್ತಿ ಇಟ್ಟುಕೊಂಡರು. ಮತ್ತೆ ಬಲಗಾಲು, ಮೈ, ಎಡಗಾಲು. ಪದಕಗಳು ಒಂದಕ್ಕೊಂದು ತಾಗಿ ಸಣ್ಣ ಸದ್ದಾಗುತ್ತಿತ್ತು. ಅಂಗಳದಲ್ಲಿ ಸರದಿಗೆ ನಿಂತಿದ್ದ ಸಿಪಾಯಿಗಳು ಯಾರೂ ಹೇಳದೆಯೇ ಬೀಡಿ ಎಸೆದು, ಒಬ್ಬೊಬ್ಬರಾಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಕುಂಟರು, ಕೈಯಿಲ್ಲದವರು, ಎಲ್ಲರೂ. ಅರ್ಧಕ್ಕೆ ಬಂದಾಗ ಮೇಜರ್ ಸಾಕು ಸಾಕು ಅಂದ. ಹವಾಲ್ದಾರರು ನಿಲ್ಲಿಸಲಿಲ್ಲ, ಇಳಿದು ಬಾ ಎಂದು ಹುಕುಮಾಗಿತ್ತಲ್ಲ. ಕೊನೆಯ ಮೆಟ್ಟಿಲು ಇಳಿದು, ನೆಲಕ್ಕೆ ಕೈಯೂರಿ ಎದ್ದು, ಕೋಟು ಜಾಡಿಸಿ ಸಲಾಮು ಹೊಡೆದರು. ಮೇಜರ್ ತಾನೂ ಎದ್ದು ನಿಂತು ಸಲಾಮು ಕೊಟ್ಟ. ಅದು ಅವರಿಗೆ ಕಂಡಿತೋ ಇಲ್ಲವೋ ನನಗೆ ತಿಳಿಯದು.

ಅಲ್ಲಿಂದ ರಸ್ತೆಯವರೆಗೆ ನನ್ನ ಪಕ್ಕದಲ್ಲೇ ನಡೆದರು. ಹೆಂಡತಿ ನಾಲ್ಕು ಹೆಜ್ಜೆ ಹಿಂದೆ ಅಳುತ್ತ ಬಂದಳು. ಟಾಂಗಾ ಹತ್ತುವಾಗ ನಾನು ಕೈ ಚಾಚಿದೆ. ಅವರು ಹಿಡಿಯಲಿಲ್ಲ.

ಹುಕುಮಿನ ಕಾಗದ ಬಂದಾಗ ನಾನೇ ಕೊಂಢವಾಕ್ಕೆ ತೆಗೆದುಕೊಂಡು ಹೋದೆ. ನೂರಕ್ಕೆ ನಲವತ್ತು, ಜೀವಮಾನ ಪೂರ್ತಿ. ಕೆಲಸದ ಸಂತೋಷ ಅಂತ ಒಂದಿರುತ್ತದೆ. ದಾರಿಯುದ್ದಕ್ಕೂ ನನ್ನ ಹೊಟ್ಟೆಯಲ್ಲಿ ಅದು ಕುಣಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಹೆಂಡತಿ ಕಾಗದವನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಸಕ್ಕರೆ ಹಾಕಿದಳು. ತವರಿಗೆ ಹೋಗುವ ಗಂಟುಗಳನ್ನು ಆಗಲೇ ಬಿಚ್ಚತೊಡಗಿದ್ದಳು.

ಹವಾಲ್ದಾರರು ಹೊರಗೆ ಬೇಲಿಯ ಹತ್ತಿರ ನಿಂತಿದ್ದರು. ಹೋಗಿ ಹೇಳಿದೆ.

"ನಲ್ವತ್ತ," ಅಂದರು. ಕೋಲಿನ ತುದಿಯಿಂದ ಎಡಗಾಲು ತೋರಿಸಿ ಕೇಳಿದರು: "ಅದು ಕಾಲಿಂದ ಆತ್ರಿ ರಾಯರ. ಆ ಪಾವಟಿಗಿ ಮ್ಯಾಲ ಮಂದಿ ಮುಂದ ಹೋದದ್ದು ಐತಲ್ಲ, ಅದನ್ನ ನೂರಕ್ಕ ಎಷ್ಟ ಅಂತ ಬರದಾರ?"

ನಾನು ಕಾಗದ ಬಿಚ್ಚಿ ನೋಡಿದೆ. ಏನು ನೋಡಿದೆನೋ. ಮಡಿಸಿ ಅವರ ಕೈಗೆ ಕೊಟ್ಟೆ.